ಫಲಕ ಇದ್ದಲ್ಲಿ ಸಮಾಧಿ

ಗೇಟಿನ ಪಕ್ಕದ ಹೊಸ ಬೋರ್ಡಿನಲ್ಲಿ ಅಕ್ಷರಗಳಿಗಿಂತ ಕೆಂಪು ಬಣ್ಣವೇ ಹೆಚ್ಚಿತ್ತು. ಯೋಧರ ಸಮಾಧಿಯಿಂದ ಏನನ್ನಾದರೂ ಕದ್ದರೆ, ಒಡೆದರೆ, ಗೀಚಿದರೆ, ಅಲುಗಿಸಿದರೆ ಏಳು ವರ್ಷ ಜೈಲು, ಜಾಮೀನಿಲ್ಲ. ಕಂಚಿನ ಫಲಕಗಳನ್ನು ಗರಗಸದಿಂದ ಕೊಯ್ದು ಗುಜರಿಗೆ ಹಾಕುತ್ತಿದ್ದವರನ್ನು ಹಿಡಿಯಲು ಸರ್ಕಾರ ತಂದ ಕಾನೂನು ಅದು. ತಂದದ್ದು ಸರಿಯೇ. ಸತ್ತವನ ಹೆಸರನ್ನು ಕರಗಿಸಿ ನಲ್ಲಿಯ ತಿರುಪು ಮಾಡುವವನಿಗೆ ಶಿಕ್ಷೆಯಾಗಲೇಬೇಕು. ಆದರೆ ಬೋರ್ಡಿನಲ್ಲಿ ಬಾಣದ ಗುರುತೊಂದಿತ್ತು. ಅದು ಬಲಕ್ಕೆ, ಬಿಳಿಕಲ್ಲಿನ ಸಾಲುಗಳ ಕಡೆಗೆ ತೋರಿಸುತ್ತಿತ್ತು. ಎಡಕ್ಕೆ, ಮೊಣಕಾಲೆತ್ತರದ ಗೋಡೆಯಾಚೆ, ಹುಲ್ಲು ಹಬ್ಬಿದ ಮಣ್ಣಿನ ದಿಬ್ಬಗಳಿದ್ದವು. ಅಲ್ಲಿ ಮಲಗಿದವರಿಗೆ ಬಾಣವೂ ಇರಲಿಲ್ಲ, ಕಾನೂನೂ ಇರಲಿಲ್ಲ. ಅದನ್ನು ಎಲ್ಲರೂ ‘ಆಚೆ ಬದಿ’ ಎನ್ನುತ್ತಿದ್ದರು.

ಎಣ್ಣೆಯಕ್ಕನ ಕೆಲಸ ಈಚೆ ಬದಿಯಲ್ಲಿ. ಮಗಳು ಆಚೆ ಬದಿಯಲ್ಲಿ.

ಕಂಚಿಗೆ ಕಿಲುಬು ಹಿಡಿಯದಂತೆ ಎಣ್ಣೆ ಬಟ್ಟೆಯಿಂದ ಫಲಕಗಳನ್ನು ಒರೆಸುತ್ತ ಹೋಗುವುದು ಅವಳ ಕೆಲಸ. ಒಂದು ತುದಿಯಿಂದ ಹೊರಟು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಮೊದಲನೆಯದು ಮತ್ತೆ ಮಂಕಾಗಿರುತ್ತಿತ್ತು. ಕೈಗೆ ಹತ್ತಿದ ಎಣ್ಣೆಯ ವಾಸನೆ ಸೋಪಿಗೂ ಬಗ್ಗದೆ, ಹೆಸರಿಗೇ ಅಂಟಿಕೊಂಡಿತ್ತು.

ಮೂರನೆಯ ಸಾಲಿನ ಕೊನೆಯ ಕಲ್ಲು ಅವಳ ಗಂಡನದು. ಅದರಡಿಯಲ್ಲಿ ಅವನಿಲ್ಲ. ನದಿ ದಾಟುವಾಗ ದೋಣಿ ಸಿಡಿಯಿತು. ದೋಣಿಯ ಹಲಗೆಗಳು ಸಿಕ್ಕವು, ಅವನು ಸಿಗಲಿಲ್ಲ. ಅಲ್ಲಿ ಅಂಥವರೇ ಬಹಳ ಮಂದಿ. ಕಲ್ಲುಂಟು, ಹೆಸರುಂಟು, ಆಳಿಲ್ಲ. ಕಾನೂನು ಬರೆದವರಿಗೆ ಇದೇ ತಲೆನೋವಾಗಿತ್ತಂತೆ. ಹೆಣವೇ ಇಲ್ಲದ ಜಾಗವನ್ನು ಸಮಾಧಿ ಎನ್ನುವುದು ಹೇಗೆ? ಸಮಾಧಿಯಲ್ಲದಿದ್ದರೆ ಕಳ್ಳನನ್ನು ಒಳಗೆ ಹಾಕುವುದು ಹೇಗೆ? ಕೊನೆಗೆ ಒಂದು ಸಾಲು ಸೇರಿಸಿದರು: ಯೋಧನ ಫಲಕ ಎಲ್ಲಿದೆಯೋ ಅದೇ ಯೋಧನ ಸಮಾಧಿ. ಬೋರ್ಡಿನ ತಳದಲ್ಲಿ ಆ ಸಾಲೂ ಇತ್ತು. ಅಕ್ಷರ ಸಣ್ಣದಾದ್ದರಿಂದ ಯಾರೂ ಓದುತ್ತಿರಲಿಲ್ಲ.

ಮಗಳು ಹೋದದ್ದು ಗಂಡನಿಗಿಂತ ಮೊದಲು. ಜ್ವರ ತಲೆಗೇರಿ, ಮಾತು ನಿಂತು, ಹೋಗಿಬಿಟ್ಟಳು. ಬಿಳಿಕಲ್ಲಿನ ಕಡೆ ಜಾಗ ಕೇಳಿದಾಗ, ಇದು ಯೋಧರಿಗೆ ಮಾತ್ರ, ಮಕ್ಕಳುಮರಿಗಲ್ಲ ಎಂದರು. ಹಾಗಾಗಿ ಆಚೆ ಬದಿ.

ಈಗ ಆ ಆಚೆ ಬದಿಯೂ ಇರುವುದಿಲ್ಲ ಎಂಬ ಸುದ್ದಿ ಬಂದಿತ್ತು. ಬಿಳಿಕಲ್ಲುಗಳ ನಡುವೆ ಎದ್ದು ನಿಂತಿದ್ದ ಹೊಸ ಸ್ಮಾರಕ ಸ್ತಂಭದ ಉದ್ಘಾಟನೆಗೆ ದೊಡ್ಡವರೆಲ್ಲ ಬರುತ್ತಾರೆ. ದೊಡ್ಡವರು ಕಾರಿನಲ್ಲಿ ಬರುತ್ತಾರೆ. ಕಾರು ನಿಲ್ಲಿಸಲು ಸಮತಟ್ಟಾದ ಜಾಗ ಬೇಕು.

ಎಣ್ಣೆಯಕ್ಕ ಸ್ಮಶಾನದ ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತಳು. ಆ ಜಾಗದ ಮೇಲ್ವಿಚಾರಣೆ ಅವರದು. ಮೇಜಿನ ಮೇಲೆ ಸ್ತಂಭದ ಸಣ್ಣ ಮಾದರಿಯೊಂದನ್ನು ಇಟ್ಟುಕೊಂಡು ಅದಕ್ಕೆ ಧೂಳು ಕೂರದಂತೆ ಗಾಜು ಮುಚ್ಚಿದ್ದರು.

“ಸಾರ್, ನನ್ನ ಮಗಳದ್ದೊಂದು ಬಿಟ್ಟುಬಿಡಿ. ಮೂಲೇಲಿದೆ. ಒಂದು ಕಾರು ಕಮ್ಮಿ ಆಗಬಹುದು, ಅಷ್ಟೆ.”

“ಒಂದು ಬಿಟ್ಟರೆ ನಾಳೆ ಎಲ್ಲರೂ ಬರ್ತಾರಮ್ಮ.”

“ಬರಲಿ ಸಾರ್. ಬಂದು ಕೇಳೋರು ಇದ್ದಾರೆ ಅಂತಲಾದರೂ ಗೊತ್ತಾಗತ್ತೆ.”

“ನೋಡು, ನಾವು ಯಾರನ್ನೂ ಅಗೀತಿಲ್ಲ. ಮೇಲಿಂದ ಸಮ ಮಾಡ್ತೀವಿ. ಕೆಳಗಿರೋರು ಕೆಳಗೇ ಇರ್ತಾರೆ. ಅವರಿಗೇನು ತೊಂದರೆ?”

ಇಷ್ಟು ಹೇಳಿ ಅವರು ಗಾಜಿನ ಮೇಲಿನ ಧೂಳನ್ನು ಕರ್ಚೀಫಿನಿಂದ ಒರೆಸಿದರು. ಕಳ್ಳರು ಗರಗಸ ತರುತ್ತಾರೆ, ಕಚೇರಿ ಮಂಜೂರಾತಿ ತರುತ್ತದೆ. ಮೊದಲನೆಯದಕ್ಕೆ ಏಳು ವರ್ಷ, ಎರಡನೆಯದಕ್ಕೆ ಚಪ್ಪಾಳೆ.

ಮರುದಿನ ಬೆಳಿಗ್ಗೆ ಗಂಡನ ಕಲ್ಲು ಬೋಳಾಗಿತ್ತು.

ಫಲಕ ಹುಡುಕಲು ದೂರ ಹೋಗಬೇಕಾಗಲಿಲ್ಲ. ಗೋಡೆಯಾಚೆ, ಮಗಳ ದಿಬ್ಬದ ಮೇಲೆ, ಅಕ್ಷರಗಳು ಕೆಳಗಾಗಿ, ಬೋರಲಾಗಿ ಬಿದ್ದಿತ್ತು. ಬಿದ್ದಿತ್ತು ಎನ್ನುವುದೂ ತಪ್ಪು. ಯಾರೋ ಎಚ್ಚರಿಕೆಯಿಂದ ಮಲಗಿಸಿದ ಹಾಗಿತ್ತು. ಒಂದು ಗರಿಕೆಯೂ ಮುರಿದಿರಲಿಲ್ಲ.

ಫಲಕ ಕೂರಿಸುವ ಮೇಸ್ತ್ರಿ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದ. ಕಲ್ಲಿನಲ್ಲಿ ಕುಳಿ ಕೊರೆದು, ಫಲಕದ ಕಂಬಿಯನ್ನು ಇಳಿಸಿ, ಕಾಯಿಸಿದ ಸೀಸ ಹೊಯ್ಯುವುದು ಅವನ ಪದ್ಧತಿ. ಕಳ್ಳರು ಕಿತ್ತರೆ ಕಂಬಿ ತುಂಡಾಗುತ್ತದೆ, ಇಲ್ಲವೇ ಕಲ್ಲು ಸೀಳುತ್ತದೆ. ಇಲ್ಲಿ ಎರಡೂ ಆಗಿರಲಿಲ್ಲ. ಸೀಸದ ಬೇರು ಇಡಿಯಾಗಿ ಹೊರಗೆ ಬಂದಿತ್ತು, ಹಾಲುಹಲ್ಲು ಕಳಚಿದ ಹಾಗೆ. ಕುಳಿಯೊಳಗೆ ಬೆರಳು ಹಾಕಿದವನು ಸರಕ್ಕನೆ ಹಿಂದೆಗೆದ.

“ಏನಾಯ್ತಣ್ಣ?”

“ಒದ್ದೆ ಇದೆ ತಂಗಿ.” ಬೆರಳನ್ನು ಮೂಸಿದ. “ಹೊಳೆ ನೀರಿನ ವಾಸನೆ. ಇಲ್ಲೆಲ್ಲಿಂದ ಬರಬೇಕು ಹೊಳೆ?”

ಸಾಹೇಬರು ಧಾವಿಸಿ ಬಂದರು. ತಾವೇ ಗೋಡೆ ದಾಟಿ, ಫಲಕವನ್ನು ಎತ್ತಿ ತಂದು ಮೇಸ್ತ್ರಿಯ ಕೈಗಿಟ್ಟರು. ಕಣ್ಣು ಮಾತ್ರ ಎಣ್ಣೆಯಕ್ಕನ ಮೇಲಿತ್ತು. “ಯಾರ ಫಲಕ, ಯಾರ ಮಗು ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?”

“ನಾನು ಮುಟ್ಟಿಲ್ಲ ಸಾರ್.”

“ಮತ್ತೆ ಅದೇ ಎದ್ದು ನಡ್ಕೊಂಡು ಹೋಯ್ತಾ?”

ಮೇಸ್ತ್ರಿ ಹೊಸ ಸೀಸ ಹೊಯ್ದ. ಈ ಸಲ ಸಿಮೆಂಟನ್ನೂ ಮೆತ್ತಿದ. ಅವನು ಊಟದ ಡಬ್ಬಿ ಬಿಚ್ಚಿಕೊಂಡು ಅಲ್ಲೇ ಕಲ್ಲಿಗೆ ಎದುರಾಗಿ ಕೂತ. ಎಣ್ಣೆಯಕ್ಕ ಅವನ ಪಕ್ಕದಲ್ಲಿದ್ದಳು. ಬಿಸಿಲು ನೆತ್ತಿಯ ಮೇಲಿತ್ತು. ಕಲ್ಲುಗಳ ನೆರಳು ಕಲ್ಲುಗಳ ಬುಡದಲ್ಲೇ ಮಡಿಸಿಕೊಂಡಿತ್ತು. ಮೇಸ್ತ್ರಿಗೆ ತುತ್ತು ನೆತ್ತಿಗೇರಿ ಕೆಮ್ಮು ಬಂತು. ಎಣ್ಣೆಯಕ್ಕ ತಿರುಗಿ ನೀರಿನ ಬಾಟಲಿ ಕೊಟ್ಟಳು. ಇಬ್ಬರೂ ಮತ್ತೆ ಮುಖವೆತ್ತಿದಾಗ ಕಲ್ಲು ಬೋಳು.

ಹಸಿ ಸಿಮೆಂಟಿನ ಮೇಲೆ ಬೆರಳಿನ ಗುರುತು ಇರಲಿಲ್ಲ. ಮೇಸ್ತ್ರಿ ಬಾಯಲ್ಲಿದ್ದುದನ್ನು ನುಂಗಲೂ ಆಗದೆ, ಉಗುಳಲೂ ಆಗದೆ ಗೋಡೆಯಾಚೆ ನೋಡಿದ. ಮಗಳ ದಿಬ್ಬದ ಮೇಲೆ ಕಂಚಿನ ಬೆನ್ನು ಹೊಳೆಯುತ್ತಿತ್ತು.

“ತಂಗಿ, ನಿನ್ನ ಗಂಡ ಬದುಕಿದ್ದಾಗಲೂ ಹೀಗೇನಾ?” ಎಂದ ಕೊನೆಗೆ. “ಒಂದು ಕಡೆ ಕೂರು ಅಂದರೆ ಕೂರ್ತಿರಲಿಲ್ವಾ?”

ನಗು ಬರಲೆಂದು ಆಡಿದ ಮಾತು. ಇಬ್ಬರಿಗೂ ಬರಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಕಿಟಕಿಯ ಬಳಿ ಕೂತು ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಕಾರ್ಖಾನೆಯಿಂದ ಗಂಟು ಗಂಟಾಗಿ ಬರುವ ಕೆಲಸ ಅದು. ಸೊಸೆ ಹೇಳಿದ್ದನ್ನೆಲ್ಲ ಕೇಳಿ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು.

“ನೀನೇ ಇಟ್ಟೆಯೇನೇ?”

“ಇಲ್ಲ ಅತ್ತೆ.”

“ಇಟ್ಟಿದ್ದರೆ ಹೇಳು. ನಾನೇನು ಪೋಲೀಸಾ?”

“ಇಟ್ಟಿದ್ದರೆ ನಿಮಗೆ ಹೇಳದೇ ಇರ್ತೀನಾ? ಹಿಂದೊಂದು ಸಲ ಹಾಲು ಒಡೆದದ್ದನ್ನೇ ಮುಚ್ಚಿಡೋಕ್ಕಾಗಲಿಲ್ಲ.”

ಅತ್ತೆ ಇನ್ನೊಂದು ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಅದರ ತೋಳನ್ನು ಬಹಳ ಹೊತ್ತು ಸವರಿದಳು. “ಹಾಗಾದರೆ ತೆಗೀಬೇಡ ಕಣೇ. ಯಾರು ಕೇಳಿದರೂ ತೆಗೀರಿ ಅನ್ನಬೇಡ. ಅವನಾಗೇ ಹೋಗಿದ್ದಾನೆ ಅಂದಮೇಲೆ, ಎಬ್ಬಿಸೋಕೆ ನಾವ್ಯಾರು?”

ಮರುದಿನ ಬುಲ್ಡೋಜರ್ ಬಂತು. ಆಚೆ ಬದಿಯ ಗೋಡೆಯನ್ನು ಒಂದೇ ತಳ್ಳಿಗೆ ಮಲಗಿಸಿ, ಮೊದಲ ದಿಬ್ಬದ ಮುಂದೆ ಗರ್ರೆನ್ನುತ್ತ ನಿಂತಿತು. ಮೊದಲ ದಿಬ್ಬವೆಂದರೆ ಮೂಲೆಯದು, ಎಣ್ಣೆಯಕ್ಕನ ಮಗಳದು. ಚಾಲಕ ತಲೆ ಹೊರಗೆ ಹಾಕಿ ಫಲಕವನ್ನು ನೋಡಿದ. ಆಮೇಲೆ ಗೇಟಿನ ಬೋರ್ಡನ್ನು ನೋಡಿದ. ಎಂಜಿನ್ ಆರಿಸಿ ಕೆಳಗಿಳಿದ.

“ಇದರ ಮೇಲೆ ಮಿಲಿಟರಿ ಫಲಕ ಇದೆ ಸಾರ್. ನಾನು ಒಲ್ಲೆ. ಮನೇಲಿ ಹೆಂಡ್ತಿ ತುಂಬು ಗರ್ಭಿಣಿ. ಏಳು ವರ್ಷ ಕಳೆದು ಬಂದರೆ ಮಗು ನನ್ನನ್ನ ಮಾವ ಅಂತ ಕರೆಯತ್ತೆ.”

“ಅದು ಸಮಾಧಿ ಅಲ್ಲಯ್ಯಾ! ಎತ್ತಿ ಬಿಸಾಕು!” ಎಂದರು ಸಾಹೇಬರು.

“ನೀವೇ ಎತ್ತಿ ಸಾರ್. ನಾನು ಆ ಕಡೆ ತಿರುಗಿರ್ತೀನಿ.”

ಸಾಹೇಬರು ಬಗ್ಗಿ ಕೈ ಚಾಚಿದರು. ಅಷ್ಟರಲ್ಲಿ, “ಮುಟ್ಟಬೇಡಿ!” ಎಂಬ ಕೂಗು ಕೇಳಿತು. ಕಚೇರಿಯ ಪರವಾಗಿ ವಕೀಲರು ಬಂದಿದ್ದರು, ಜೊತೆಗೆ ಇನ್ಸ್‌ಪೆಕ್ಟರ್.

ವಕೀಲರಿಗೆ ಸಂತೋಷವೋ ಸಂಕಟವೋ ಗೊತ್ತಾಗದಂಥ ಮುಖ. ಫಲಕ ಇದ್ದಲ್ಲಿ ಸಮಾಧಿ ಎಂಬ ಸಾಲನ್ನು ಬರೆದದ್ದು ತಾನೇ ಎಂದು ಅವರು ಮದುವೆ ಮನೆಗಳಲ್ಲೂ ಹೇಳಿಕೊಳ್ಳುತ್ತಿದ್ದರು. “ಕಾನೂನಿನ ಪ್ರಕಾರ ಈಗ ಇದು ಯೋಧನ ಸಮಾಧಿ. ಅಲುಗಿಸಿದರೆ ಅಪರಾಧ. ಮೊದಲು ಒಂದು ಸಲ ಇಲ್ಲಿಂದ ತೆಗೆದು ವಾಪಸ್ ಕೂರಿಸಿದ್ದೀರಂತೆ. ತೆಗೆದವರು ಯಾರು?”

ಸಾಹೇಬರು ಆಕಾಶ ನೋಡಿದರು. ಮೇಸ್ತ್ರಿ ಸಾಹೇಬರನ್ನು ನೋಡಿದ.

“ಸರಿ, ಅದು ಬಿಡಿ,” ಎಂದರು ವಕೀಲರು. ಬಿಡಲು ಅವರಿಗೆ ಬರುತ್ತಿತ್ತು; ಯಾರನ್ನು ಬಿಡಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. “ಎರಡು ದಾರಿ ಇದೆ. ಒಂದು, ಹತ್ತಿರದ ಸಂಬಂಧಿ, ಅಂದರೆ ಹೆಂಡತಿ, ಫಲಕ ಮೊದಲಿನ ಜಾಗಕ್ಕೆ ಹೋಗಲಿ ಅಂತ ಸಾಕ್ಷಿಗಳ ಮುಂದೆ ಹೇಳಬೇಕು. ಇಲ್ಲ, ಅದನ್ನ ಕದ್ದು ಇಲ್ಲಿ ಇಟ್ಟದ್ದು ಅಂತ ಆಗಬೇಕು. ಕಳ್ಳ ಇಟ್ಟ ಫಲಕಕ್ಕೆ ಸಮಾಧಿ ಅಂತ ಬೆಲೆ ಇಲ್ಲ.”

ಎಲ್ಲರೂ ಎಣ್ಣೆಯಕ್ಕನ ಕಡೆ ತಿರುಗಿದರು.

ಅವಳನ್ನು ಕಚೇರಿಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಸಾಹೇಬರು ತಮ್ಮ ಕುರ್ಚಿಯಲ್ಲಿ, ವಕೀಲರು ಪಕ್ಕದಲ್ಲಿ, ಇನ್ಸ್‌ಪೆಕ್ಟರ್ ಬಾಗಿಲಿಗೆ ಒರಗಿ. ಮೇಸ್ತ್ರಿಯನ್ನು ಸಾಕ್ಷಿಯೆಂದು ಒಳಗೆ ಕೂರಿಸಿಕೊಂಡಿದ್ದರು. ಅವಳ ಮೇಲೆ ಕಣ್ಣು ಕೀಲಿಸದ ಮನುಷ್ಯ ಆ ಕೋಣೆಯಲ್ಲಿ ಒಬ್ಬನೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಮೆತ್ತಗೆ ಶುರು ಮಾಡಿದ. “ನೋಡಕ್ಕ, ನಾನೂ ಮಕ್ಕಳೊಂದಿಗ. ‘ವಾಪಸ್ ಹೋಗಲಿ’ ಅಂತ ಒಂದು ಮಾತು. ಅಷ್ಟು ಅಂದುಬಿಟ್ಟು ಮನೆಗೆ ಹೋಗು, ಊಟ ಮಾಡು, ಮಲಕ್ಕೋ.”

“ಅಂದರೆ ಬುಲ್ಡೋಜರ್ ಹೋಗತ್ತೆ.”

“ಅನ್ನದಿದ್ದರೂ ಹೋಗತ್ತೆ. ನೀನೇ ಕದ್ದೆ ಅಂತ ಬರೀತೀನಿ. ಆಗ ಮಗು ಮಣ್ಣೂ ಹೋಯ್ತು, ನೀನೂ ಹೋದೆ. ಮುದುಕಿಗೆ ಗಂಜಿ ಕಾಯಿಸಿ ಹಾಕೋರ್ಯಾರು?”

ಕೋಣೆಯೊಳಗೆ ಹಸಿ ಮರಳಿನ ವಾಸನೆ ಬರತೊಡಗಿತ್ತು. ಕಿಟಕಿಯ ಗಾಜು, ಆ ಉರಿಬಿಸಿಲಿನಲ್ಲಿ, ಹೊರಗಿನಿಂದ ಮಬ್ಬಾಗುತ್ತಿತ್ತು. ಗಾಜಿಗೆ ಯಾರೋ ತೀರ ಹತ್ತಿರ ಮುಖವಿಟ್ಟು ಉಸಿರು ಬಿಟ್ಟ ಹಾಗೆ, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಆಮೇಲೆ ಎಲ್ಲ ಕಡೆ.

ಹೊರಗೆ ದಪ್ ಎಂದು ಒಂದು ಸದ್ದಾಯಿತು. ಭಾರವಾದುದನ್ನು ಮೆಲ್ಲಗೆ ನೆಲಕ್ಕಿಳಿಸಿದ ಸದ್ದು.

“ಕಲ್ಲು ಇಳಿಸ್ತಿದ್ದಾರೆ ಅನ್ಸತ್ತೆ,” ಎಂದರು ಸಾಹೇಬರು.

“ಯಾವ ಕಲ್ಲು ಸಾರ್?” ಎಂದ ಮೇಸ್ತ್ರಿ. “ನಾನು ಯಾವ ಕಲ್ಲೂ ತರಿಸಿಲ್ಲ.”

ಮತ್ತೆ ಅದೇ ಸದ್ದು. ಮತ್ತೆ. ಅವಸರವಿಲ್ಲದ, ಕವಾಯತಿನಂತೆ ಸಮವಾದ ಸದ್ದು. ಎದ್ದು ನೋಡಲು ಯಾರಿಗೂ ಮನಸ್ಸಾಗಲಿಲ್ಲ. ಅವಳ ಮೇಲಿನ ಕಣ್ಣು ತೆಗೆಯಬಾರದೆಂಬುದು ಎಲ್ಲರಿಗೂ ಒಳ್ಳೆಯ ನೆಪವಾಯಿತು.

“ಹೇಳಮ್ಮ,” ಎಂದು ವಕೀಲರು ದನಿ ಏರಿಸಿದರು. “ಒಪ್ಪಿಗೆಯೋ, ಕಳ್ಳತನವೋ?”

ಎಣ್ಣೆಯಕ್ಕ ನೇರ ನಿಂತಳು.

“ಮಗೂಗೆ ಜ್ವರ ಬಂದಾಗ ಅವರು ರಜೆ ಕೇಳಿದರು. ಕೊಡಲಿಲ್ಲ. ಮಣ್ಣು ಮಾಡೋಕಾದರೂ ಬರ್ತೀನಿ ಅಂದರು. ಆಗಲೂ ಕೊಡಲಿಲ್ಲ. ಅವಳನ್ನ ಎಲ್ಲಿ ಮಲಗಿಸಿದ್ದೀವಿ ಅಂತ ನೋಡದೇನೇ ನೀರಿನ ಪಾಲಾದರು. ಬದುಕಿದ್ದಾಗ ನಿಮಗೆ ಬೇಕಾದ ಕಡೆ ನಿಲ್ಲಿಸಿದಿರಿ. ಸತ್ತಮೇಲೆ ನಿಮಗೆ ಬೇಕಾದ ಸಾಲಲ್ಲಿ ನಿಲ್ಲಿಸಿದಿರಿ. ಅವರ ಹೆಸರು ಕಾಯೋಕೆ ಕಾನೂನು ತಂದಿರಿ, ಒಳ್ಳೇದು. ಈಗ ಅದೇ ಹೆಸರು ತನ್ನ ಮಗಳನ್ನ ಕಾಯ್ಕೊಂಡು ಮಲಗಿದರೆ ನಿಮ್ಮ ಕಾರಿಗೆ ಅಡ್ಡ ಆಗತ್ತಾ? ಕದ್ದಿಲ್ಲ ಸಾರ್ ನಾನು. ವಾಪಸ್ ಹೋಗಿ ಅಂತ ಅವರಿಗೆ ಹೇಳೋದೂ ಇಲ್ಲ. ನೀವು ನನ್ನ ಒಳಗೆ ಹಾಕಿ. ಅಲ್ಲಿಂದಲೂ ಇದನ್ನೇ ಹೇಳ್ತೀನಿ.”

ಇನ್ಸ್‌ಪೆಕ್ಟರ್ ನಿಟ್ಟುಸಿರಿಟ್ಟು ಅವಳ ತೋಳು ಹಿಡಿದ. “ಸರಿ. ನಡಿ.”

ಬಾಗಿಲು ತೆರೆದಾಗ ಸದ್ದು ನಿಂತಿತು.

ಬಿಳಿಕಲ್ಲುಗಳು ಬೋಳಾಗಿದ್ದವು. ಕಣ್ಣು ಹರಿಯುವಷ್ಟು ದೂರ, ಸಾಲು ಸಾಲಾಗಿ, ಒಂದರ ಮೇಲೂ ಹೆಸರಿಲ್ಲ. ಹೆಸರಿದ್ದ ಜಾಗದಲ್ಲಿ ಒಂದೊಂದು ಕುಳಿ, ಕುಳಿಗಳಿಂದ ಸಣ್ಣಗೆ ಇಳಿದ ನೀರಿನ ಗೆರೆ. ಆಚೆ ಬದಿಯ ದಿಬ್ಬಗಳ ಮೇಲೆಲ್ಲ ಕಂಚು. ಎಲ್ಲವೂ ಬೋರಲಾಗಿ, ಅಕ್ಷರಗಳನ್ನು ಮಣ್ಣಿಗೆ ಕೆನ್ನೆಯಂತೆ ಒತ್ತಿಕೊಂಡು ಮಲಗಿದ್ದವು. ದಿಬ್ಬಗಳೇ ಹೆಚ್ಚಾಗಿ ಫಲಕಗಳು ಸಾಲದಿದ್ದಲ್ಲಿ, ಎರಡು ದಿಬ್ಬಗಳ ನಡುವೆ ಒಂದು, ಎರಡಕ್ಕೂ ಅಂಚು ತಾಗುವಂತೆ ಮಲಗಿತ್ತು.

ಚಾಲಕ ಬುಲ್ಡೋಜರಿನ ಕ್ಯಾಬಿನ್ನಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ಕಿವಿಯ ಮೇಲೆ ಕೈ ಇಟ್ಟು ಕೂತಿದ್ದ. ಇನ್ಸ್‌ಪೆಕ್ಟರ್ ಲಾಠಿಯಿಂದ ಕಬ್ಬಿಣಕ್ಕೆ ಬಡಿದಾಗ ಬೆಚ್ಚಿಬಿದ್ದ.

“ಯಾರಯ್ಯಾ ಬಂದಿದ್ದರು? ಏನು ನೋಡಿದೆ?”

“ನೋಡಿಲ್ಲ ಸಾರ್. ಕಣ್ಣು ಮುಚ್ಕೋ ಅಂದ್ರು.”

“ಯಾರು ಅಂದದ್ದು?”

“ಯಾರೂ ಇರಲಿಲ್ಲ ಸಾರ್.”

ಇನ್ಸ್‌ಪೆಕ್ಟರ್ ತಾನು ಹಿಡಿದಿದ್ದ ತೋಳನ್ನು ನೋಡಿದ. ಅದು ಈ ಹೊತ್ತೆಲ್ಲ ತನ್ನ ಕಣ್ಣಳತೆಯಲ್ಲೇ ಇತ್ತು. ಸಾಹೇಬರ ಕಣ್ಣಳತೆಯಲ್ಲಿತ್ತು, ವಕೀಲರ ಕಣ್ಣಳತೆಯಲ್ಲಿತ್ತು. ಅವಳನ್ನು ಕಳ್ಳಿ ಮಾಡಲು ಕೂತವರೆಲ್ಲ ಅವಳ ಸಾಕ್ಷಿಗಳಾಗಿದ್ದರು. ಅವನು ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ಬಿಟ್ಟ.

“ಎತ್ತಿಸಿ ಎಲ್ಲವನ್ನೂ!” ಎಂದು ಸಾಹೇಬರು ಕೂಗಿದರು. “ಇದೇನು ನಾಟಕ!”

“ಒಂದಕ್ಕೆ ಏಳು ವರ್ಷ ಸಾರ್,” ಎಂದ ಮೇಸ್ತ್ರಿ. “ಇಷ್ಟಕ್ಕೆಲ್ಲ ಅಂದರೆ ನಿಮ್ಮ ಮೊಮ್ಮಕ್ಕಳೂ ಒಳಗೇ ಹುಟ್ಟಬೇಕಾಗತ್ತೆ.”

ವಕೀಲರು ತಮ್ಮ ಸಾಲನ್ನೇ ಬಾಯಲ್ಲಿ ಮತ್ತೆ ಮತ್ತೆ ಮಣಮಣಿಸುತ್ತ, ಅದರಲ್ಲಿ ಎಲ್ಲಾದರೂ ಬಿರುಕಿದೆಯೇ ಎಂದು ನೋಡುತ್ತಿದ್ದರು. ಬಿರುಕಿರಲಿಲ್ಲ. ಬಡವರಿಗಾಗಿ ಬರೆದಿದ್ದರೆ ಇರುತ್ತಿತ್ತು. “ತಿದ್ದುಪಡಿ ತರಿಸಬೇಕು,” ಎಂದರು ಕೊನೆಗೆ. “ಸಭೆ ಕೂಡಬೇಕು. ಆಗತ್ತೆ, ಆದರೆ ಉದ್ಘಾಟನೆಯ ಒಳಗೆ ಆಗಲ್ಲ.”

ಸಾಹೇಬರು ಸಿಟ್ಟಿನಲ್ಲಿ ದಿಬ್ಬಗಳ ನಡುವೆ ನುಗ್ಗಿದ್ದರು. ಹಿಂದಿರುಗಲು ನೋಡಿದರೆ ಕಾಲಿಡುವಲ್ಲೆಲ್ಲ ಕಂಚು. ಬಂದ ದಾರಿಯಲ್ಲೂ ಈಗ ಒಂದು ಮಲಗಿತ್ತು. ಬರುವಾಗ ಅದು ಅಲ್ಲಿರಲಿಲ್ಲ ಎಂದು ಅವರು ಆಣೆ ಮಾಡಬಲ್ಲವರಾಗಿದ್ದರು. ಒಂಟಿ ಕಾಲಿನಲ್ಲಿ ನಿಂತು, ಇನ್ನೊಂದು ಕಾಲನ್ನು ಎಲ್ಲಿಡುವುದೆಂದು ತಿಳಿಯದೆ, ಯಾರನ್ನಾದರೂ ಕರೆಯಲು ಬಾಯಿ ತೆರೆದರು. ಇನ್ಸ್‌ಪೆಕ್ಟರ್ ಕೈ ಚಾಚಲಿಲ್ಲ. ಅವನಿಗೂ ಕೆಲಸ ಬೇಕಿತ್ತು.

ಬುಲ್ಡೋಜರ್ ಹಿಮ್ಮುಖವಾಗಿ, ಬಂದ ಚಕ್ರದ ಗುರುತಿನ ಮೇಲೆಯೇ ಹೊರಗೆ ಹೋಯಿತು. ದೊಡ್ಡವರ ಕಾರುಗಳು ರಸ್ತೆಯಲ್ಲಿ ನಿಲ್ಲುತ್ತವೆ ಎಂದು ಯಾರೋ ಫೋನಿನಲ್ಲಿ ಹೇಳುತ್ತಿದ್ದರು. ಸಭೆ ಕೂಡುವವರು ಕೂಡಿಯೇ ಕೂಡುತ್ತಾರೆ, ಅದು ಎಣ್ಣೆಯಕ್ಕನಿಗೂ ಗೊತ್ತಿತ್ತು. ಅವಳಿಗೆ ಯಾರೂ ಹೋಗೆನ್ನಲಿಲ್ಲ, ನಿಲ್ಲೆನ್ನಲೂ ಇಲ್ಲ.

ಅವಳು ಬಿದ್ದ ಗೋಡೆ ದಾಟಿ, ದಿಬ್ಬಗಳ ಅಂಚಿನಲ್ಲಿ ಹುಷಾರಾಗಿ ಹೆಜ್ಜೆ ಇಡುತ್ತ ಮೂಲೆಗೆ ಹೋದಳು. ಮಗಳ ಪಕ್ಕದಲ್ಲಿ ಕೂತಳು. ಸೂರ್ಯ ಇಳಿಯುತ್ತಿದ್ದ. ಅಭ್ಯಾಸಬಲದಿಂದ ಸೆರಗಿನ ತುದಿಯಲ್ಲಿ ಫಲಕದ ಬೆನ್ನನ್ನು ಒರೆಸಲು ಹೋದವಳು ಅಂಗೈಯನ್ನು ಅದರ ಮೇಲಿಟ್ಟು ಹಾಗೇ ನಿಲ್ಲಿಸಿದಳು.

ಕಂಚು ಬೆಚ್ಚಗಿತ್ತು, ಬಿಸಿಲಿನ ಬಿಸಿಯಲ್ಲ. ಅಂಗೈಯ ಕೆಳಗೆ ಅದು ತುಸುವೇ ಏರಿತು, ತುಸು ತಡೆದು ಇಳಿಯಿತು. ಮತ್ತೆ ಏರಿತು. ದೂರದಿಂದ ನಡೆದು ಬಂದವರು ಮಲಗಿದರೆ ಬೆನ್ನು ಹೀಗೆ ಆಡುತ್ತದೆ. ಸುತ್ತಲೂ ನೋಡಿದಳು. ಬಯಲಿಡೀ, ದಿಬ್ಬ ದಿಬ್ಬದ ಮೇಲೆ, ಸಂಜೆಯ ಬೆಳಕು ಒಂದೇ ಲಯದಲ್ಲಿ ಮೇಲೆ ಕೆಳಗೆ ಆಡುತ್ತಿತ್ತು.

ಎಚ್ಚರವಾದೀತೆಂದು ಅವಳು ಕೈ ತೆಗೆದಳು.